ಮೂವತ್ತೈದು ನಿಮಿಷ

ಸೆಕೆಂಡಣ್ಣನ ಅಂಗಡಿಯಲ್ಲಿ ಒಂದು ಗಡಿಯಾರದ ಮಾತನ್ನು ಇನ್ನೊಂದು ಕೇಳುತ್ತಿರಲಿಲ್ಲ. ಎಲ್ಲವೂ ರಿಪೇರಿಗೆ ಬಂದವು ನೋಡಿ. ಗೋಡೆಯ ಮೇಲಿನದು ಒಂಬತ್ತೂವರೆ ಎಂದರೆ ಪಕ್ಕದ್ದು ನಾಲ್ಕೂಕಾಲು ಎನ್ನುತ್ತಿತ್ತು, ಕಪಾಟಿನೊಳಗಿನದು ಬಾಯೇ ಬಿಡುತ್ತಿರಲಿಲ್ಲ. ಸರಿಯಾದ ಹೊತ್ತು ಬೇಕಾದವರು ಅವನನ್ನೇ ಕೇಳಬೇಕು. ಅವನು ಕೈಗಡಿಯಾರ ನೋಡಿ, "ಹತ್ತಾಗೋಕೆ ನಾಲ್ಕು ನಿಮಿಷ, ಇಪ್ಪತ್ತು ಸೆಕೆಂಡು" ಎನ್ನುವನು. ಆ ಹೆಸರು ಬಂದದ್ದೇ ಹಾಗೆ. "ಇವನು ಸಾಯೋವಾಗ್ಲೂ ಡಾಕ್ಟರಿಗೆ ಟೈಮು ಇವನೇ ಹೇಳ್ತಾನೆ" ಎಂದು ಎದುರಿನ ದರ್ಜಿ ತಮಾಷೆ ಮಾಡುತ್ತಿದ್ದ.

ಅಂಥವನು ಸ್ವಂತ ಮಗಳ ಮುಂದೆ ಕಳ್ಳ ಗಡಿಯಾರ ಇಟ್ಟ.

ಮಗಳು ವಕೀಲರೊಬ್ಬರ ಆಫೀಸಿನಲ್ಲಿ ಟೈಪಿಸ್ಟ್. ಆರು ವರ್ಷ ಅವರು ಹೇಳಿದ್ದನ್ನು ಟೈಪು ಮಾಡೀ ಮಾಡೀ, ವಾಕ್ಯ ಮುಗಿಯುವ ಮೊದಲೇ ಅವರ ವಾದ ಎಲ್ಲಿ ಸಡಿಲ ಎಂಬುದು ಅವಳಿಗೆ ಗೊತ್ತಾಗಿಬಿಡುತ್ತಿತ್ತು. ಒಂದು ದಿನ ಬಾಯಿ ತಡೆಯಲಾರದೆ ಹೇಳಿಯೂ ಬಿಟ್ಟಳು. ವಕೀಲರು ಕನ್ನಡಕದ ಮೇಲಿಂದ ನೋಡಿ, "ಅಷ್ಟು ಗೊತ್ತಿದ್ರೆ ಲಾ ಕಾಲೇಜಿಗೆ ಹೋಗಮ್ಮ, ಇಲ್ಲಿ ಯಾಕೆ ಕೂತಿದ್ದೀಯ?" ಎಂದರು. ಅವರು ಚುಚ್ಚಿದ್ದು, ಇವಳು ಅದನ್ನೇ ಹಟವಾಗಿ ಹಿಡಿದಳು. ಕಾಲೇಜು ಸೇರಲು ಪ್ರವೇಶ ಪರೀಕ್ಷೆ ಬರೆಯಬೇಕು. ನಾಲ್ಕು ಭಾಗ, ಒಂದೊಂದಕ್ಕೂ ಮೂವತ್ತೈದೇ ನಿಮಿಷ. ಬಾಯಿಪಾಠದ ಆಟವಲ್ಲ ಅದು. ಒಂದು ವಾದ ಕೊಟ್ಟು ಅದರ ತೂತು ಎಲ್ಲಿದೆ ಎಂದು ಕೇಳುತ್ತಾರೆ, ಇಲ್ಲವೇ ಉದ್ದುದ್ದ ಬರಹ ಕೊಟ್ಟು ತಲೆ ತಿನ್ನುತ್ತಾರೆ. ಹೋದ ವರ್ಷ ಬರೆದಾಗ ಪ್ರತಿ ಭಾಗದಲ್ಲೂ ಐದಾರು ಪ್ರಶ್ನೆ ಮುಟ್ಟಲೂ ಆಗದೆ ಎದ್ದು ಬಂದಿದ್ದಳು. "ಇದೊಂದು ಸಲ ನೋಡ್ತೀನಿ ಅಪ್ಪ. ಆಗ್ಲಿಲ್ಲ ಅಂದ್ರೆ ಜೀವನಪೂರ್ತಿ ಇನ್ನೊಬ್ಬರ ವಾದ ಟೈಪ್ ಮಾಡ್ಕೊಂಡು ಕೂರ್ತೀನಿ" ಎಂದಿದ್ದಳು.

ಈ ಸಲ ಓದುವುದಕ್ಕೆ ಅವಳದೇ ಕ್ರಮ ಮಾಡಿಕೊಂಡಳು. ಬೆಳಿಗ್ಗೆ ಆರಕ್ಕೆ ಅಂಗಡಿಯ ಹಿಂದಿನ ಕೋಣೆ. ಫೋನು ಮನೆಯಲ್ಲಿ, ಅಮ್ಮನ ಸುಪರ್ದಿಗೆ. ಮೇಜಿನ ಮೇಲೆ ಹಳೆಯ ಪ್ರಶ್ನೆಪತ್ರಿಕೆ, ಎರಡು ಪೆನ್ಸಿಲ್, ಒಂದು ಟೈಂಪೀಸು. ಅಪ್ಪ ಟೈಂಪೀಸಿನ ಮುಳ್ಳನ್ನು ಹನ್ನೆರಡಕ್ಕೆ ತಂದು "ಶುರು" ಎನ್ನಬೇಕು, ಅದು ಹನ್ನೆರಡೂ ಮೂವತ್ತೈದು ತೋರಿಸಿದ ಕೂಡಲೇ "ಸಾಕು" ಎನ್ನಬೇಕು. ಆಮೇಲೆ ತಪ್ಪಿನ ಪುಸ್ತಕ. ಅದೇ ದೊಡ್ಡ ಕೆಲಸ. ತಪ್ಪಾದ ಪ್ರತಿ ಪ್ರಶ್ನೆಯನ್ನೂ ಅದರಲ್ಲಿ ಬರೆದು, ಎದುರಿಗೆ ಕೆಂಪು ಪೆನ್ನಿನಲ್ಲಿ 'ಕಾರಣ' ಎಂದು ಹಾಕಿ, ಯಾಕೆ ತಪ್ಪಿತು ಎಂದು ಬರೆಯುತ್ತಿದ್ದಳು. "ಸರಿ ಉತ್ತರ ಯಾವ್ದು ಅಂತ ತಿಳ್ಕೊಂಡ್ರೆ ಏನೂ ಬರಲ್ಲ ಅಪ್ಪ. ನಾನು ಯಾಕೆ ಎಡವಿದೆ ಅಂತ ತಿಳೀಬೇಕು" ಎನ್ನುವಳು. ಸೆಕೆಂಡಣ್ಣನಿಗೆ ಆ ಮಾತು ಬಹಳ ಹಿಡಿಸಿತು. ನಿಂತ ಗಡಿಯಾರವನ್ನು ಅಲುಗಾಡಿಸಿ ಓಡಿಸುವುದು ಯಾರಿಗೂ ಬರುತ್ತದೆ, ಯಾಕೆ ನಿಂತಿತು ಎಂದು ನೋಡುವವನೇ ಕಸುಬುದಾರ.

ಇನ್ನೊಂದು ಅಭ್ಯಾಸವನ್ನೂ ಅವಳು ಹಲ್ಲು ಕಚ್ಚಿ ಮಾಡಿಕೊಳ್ಳುತ್ತಿದ್ದಳು, ಬಿಡುವುದು. ಪ್ರಶ್ನೆ ಜಟಿಲ ಎನ್ನಿಸಿದರೆ ಅದರ ಕೈಗೆ ಸಿಕ್ಕಿಕೊಳ್ಳದೆ ಮುಂದೆ ಹೋಗಿ, ಸುಲಭದ್ದೆಲ್ಲ ಮುಗಿಸಿ ಹಿಂದಕ್ಕೆ ಬರುವುದು. ಹಟಮಾರಿಗೆ ಅದೇ ಕಷ್ಟ. ಮೊದಲ ವಾರಗಳಲ್ಲಿ ದಿನಾ ನಾಲ್ಕೈದು ಉಳಿಯುತ್ತಿದ್ದವು. ಒಂದು ಬೆಳಿಗ್ಗೆ ಆರು ಉಳಿದವು. ಸೆಕೆಂಡಣ್ಣ "ಸಾಕು" ಎಂದ. ಅವಳು ಪೆನ್ಸಿಲ್ ಇಟ್ಟು, ಮೇಜಿನ ಮೇಲೆ ತಲೆ ಊರಿ, ಸದ್ದಿಲ್ಲದೆ ಅತ್ತಳು. ಭುಜ ಮಾತ್ರ ಕುಣಿಯುತ್ತಿತ್ತು. ಆ "ಸಾಕು" ಅಪ್ಪನ ಬಾಯಿಂದಲೇ ಬಂದದ್ದು ತಾನೇ?

ಅವಳು ಆಫೀಸಿಗೆ ಹೋದ ಮೇಲೆ ಟೈಂಪೀಸಿನ ಬೆನ್ನು ಬಿಚ್ಚಿದ. ಒಳಗಿನ ಸಣ್ಣ ಕಡ್ಡಿಯನ್ನು ಸರಿಸಿದರೆ ದಿನಕ್ಕೆ ಐದಾರು ನಿಮಿಷ ಹಿಂದೆ ಬೀಳಬಹುದು ಅಷ್ಟೆ, ಇವನ ಕೆಲಸಕ್ಕೆ ಅದು ಸಾಲದು. ಓಟದ ವೇಗ ಹಿಡಿದಿಡುವ ಹೇರ್‌ಸ್ಪ್ರಿಂಗನ್ನೇ ಕಳಚಿ, ಓಟ ನಿಧಾನವಾಗುವಂತೆ ಒಂದಿಷ್ಟು ಉದ್ದ ಬಿಟ್ಟು ಮತ್ತೆ ಕೂರಿಸಿದ. ನಲವತ್ತು ವರ್ಷದ ಕಸುಬಿನಲ್ಲಿ ಬೇಕೆಂದೇ ಒಂದು ಗಡಿಯಾರ ಕೆಡಿಸಿದ್ದು ಅದೇ ಮೊದಲು. ಈಗ ಅದು ಮೂವತ್ತೈದು ನಿಮಿಷ ತೋರಿಸುವಷ್ಟರಲ್ಲಿ ಹೊರಗೆ ಮೂವತ್ತೆಂಟು ಕಳೆದಿರುತ್ತಿತ್ತು. ಮೂರೇ ನಿಮಿಷ, ಹೆದರಿಕೆ ಒಂದು ಹೋಗಲಿ, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಸರಿ ಮಾಡಿದರಾಯಿತು ಎಂದುಕೊಂಡ. ಅಯ್ಯೋ, ಆ 'ಆಮೇಲೆ' ಎಂಬುದು ಯಾರ ಕೈಗೆ ಸಿಕ್ಕಿದೆ!

ಮಾರನೆಯ ದಿನ ಎರಡು ಉಳಿದವು. ವಾರದೊಳಗೆ ಒಂದೂ ಉಳಿಯಲಿಲ್ಲ. ಮಗಳ ಮುಖ ಅರಳಿತು, ಮನೆಯಲ್ಲಿ ನಗು ಬಂತು. "ರೀ, ಹುಡುಗಿ ಕೈ ಈಗ ಕುದುರಿದೆ ನೋಡಿ" ಎಂದು ಹೆಂಡತಿ ಹಿಗ್ಗಿದಳು. ಸೆಕೆಂಡಣ್ಣ "ಹೂಂ" ಎಂದ. ಸರಿ ಮಾಡಬೇಕೆಂದು ಪ್ರತಿ ಸಂಜೆ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವನು, ಆ ನಗು ನೆನಪಾಗಿ ಕೆಳಗಿಡುವನು.

ಅಷ್ಟರಲ್ಲೇ ನಿಂತಿದ್ದರೂ ಆಗುತ್ತಿತ್ತು. ಊರಾಚೆ ಸಂಜೆ ಹೊತ್ತಿನ ಒಂದು ಲಾ ಕಾಲೇಜಿತ್ತು, ಅಲ್ಲಿಗೆ ಪ್ರವೇಶ ಪರೀಕ್ಷೆಯ ಗೊಡವೆಯಿಲ್ಲ. ಇದು ಕೈಕೊಟ್ಟರೆ ಅದಾದರೂ ಇರಲಿ ಎಂದು ಅಲ್ಲಿನ ಅರ್ಜಿ ತಂದಿಟ್ಟುಕೊಂಡಿದ್ದಳು. ಕೊನೆಯ ದಿನ ಬಂದಾಗ ಅದನ್ನು ಮಡಿಸಿ ಅಪ್ಪನ ಮುಂದಿಟ್ಟಳು.

"ಇದು ಯಾಕಪ್ಪ ಇನ್ನು? ನನ್ನ ಸ್ಕೋರು ನೀನೇ ನೋಡ್ತಿದ್ದೀಯಲ್ಲ. ಹಾಕ್ಲಾ, ಬೇಡ್ವಾ?"

ಹಾಕು ಎಂದರೆ ಯಾಕೆ ಎನ್ನುತ್ತಾಳೆ. ಯಾಕೆ ಎಂದರೆ ಹೇಳಬೇಕಾಗುತ್ತದೆ.

"ನಿನಗೆ ಹೇಗೆ ತೋಚುತ್ತೋ ಹಾಗೆ ಮಾಡು ಪುಟ್ಟಿ" ಎಂದು, ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು, ಯಾರದ್ದೋ ಗಡಿಯಾರದೊಳಗೆ ಮುಖ ಹುದುಗಿಸಿದ. ಅರ್ಜಿ ಕಸದ ಬುಟ್ಟಿಗೆ ಹೋಯಿತು. ಅದು ಬಿದ್ದ ಸದ್ದನ್ನು ಅವನು ಕೇಳಿದ. ಆ ಒಂದು ಮಾತಿಗಾಗಿ ಅವನನ್ನು ಎಷ್ಟು ಬೈದರೂ ಕಡಿಮೆ, ಅವನೂ ತನ್ನನ್ನು ಬೈದುಕೊಳ್ಳದ ದಿನವಿಲ್ಲ. ದಾರಿಯಲ್ಲಿ ಯಾರಾದರೂ "ಟೈಮೆಷ್ಟಣ್ಣ?" ಎಂದರೆ ಬೆಚ್ಚಿಬೀಳುತ್ತಿದ್ದ.

ಪರೀಕ್ಷೆಗೆ ಹದಿಮೂರು ದಿನ ಇದೆ ಎನ್ನುವಾಗ ಒಳಗಿನ ಹುಳ ಸುಮ್ಮನಿರಲು ಬಿಡಲಿಲ್ಲ. ಮತ್ತೆ ಟೈಂಪೀಸಿನ ಬೆನ್ನು ಬಿಚ್ಚಿ, ಸ್ಪ್ರಿಂಗನ್ನು ಮೊದಲಿನ ಅಳತೆಗೆ ತಂದ. ಯಾರಿಗೂ ಹೇಳಲಿಲ್ಲ. ಕದ್ದದ್ದನ್ನು ಕದ್ದೇ ಹಿಂದಕ್ಕಿಡುವ ಉಪಾಯ!

ಮಾರನೆಯ ಬೆಳಿಗ್ಗೆ ಐದು ಪ್ರಶ್ನೆ ಉಳಿದವು. ಮಗಳು ಟೈಂಪೀಸನ್ನೇ ದಿಟ್ಟಿಸಿದಳು, ಆಮೇಲೆ ತನ್ನ ಕೈಯನ್ನು.

"ಇನ್ನೊಂದು ಭಾಗ ಇಡಪ್ಪ."

ಅದರಲ್ಲಿ ಆರು ಉಳಿದವು.

"ನಿದ್ದೆ ಸರಿಯಾಗಿರಲಿಕ್ಕಿಲ್ಲ ಪುಟ್ಟಿ."

"ಚೆನ್ನಾಗೇ ಮಲಗಿದ್ದೆ" ಎಂದಳು. ಅದರ ಮಾರನೆಯ ದಿನವೂ ಎರಡು ಭಾಗದಲ್ಲಿ ಅಷ್ಟೇ ಉಳಿದವು. ತಪ್ಪಿನ ಪುಸ್ತಕ ಬರೆದು ಮುಚ್ಚಿ, ಚೀಲ ಹೆಗಲಿಗೇರಿಸಿ, ತಿಂಡಿಯನ್ನೂ ಮುಟ್ಟದೆ ಆಫೀಸಿಗೆ ಹೋದಳು. ಪುಸ್ತಕ ಮೇಜಿನ ಮೇಲೇ ಉಳಿಯಿತು.

ಸೆಕೆಂಡಣ್ಣ ಅದನ್ನು ತೆರೆದ. ಬೇರೆ ಪುಟಗಳಲ್ಲೆಲ್ಲ ಕಾರಣ ಅಚ್ಚುಕಟ್ಟಾಗಿತ್ತು: 'ಎಲ್ಲ ಮತ್ತು ಕೆಲವು ನಡುವೆ ಗೊಂದಲ', 'ಕೇಳಿದ್ದು ಬಿಟ್ಟು ನನಗೆ ಗೊತ್ತಿದ್ದದ್ದು ಬರೆದೆ'. ಕೊನೆಯ ಪುಟದಲ್ಲಿ ಮಾತ್ರ ಹನ್ನೊಂದು ಪ್ರಶ್ನೆಗಳಿಗೂ ಸೇರಿಸಿ ಒಂದು ಗೆರೆ ಎಳೆದು, ಹಾಳೆ ಹರಿಯುವಷ್ಟು ಒತ್ತಿ ಬರೆದಿದ್ದಳು: 'ಕಾರಣ: ನಾನು ದಡ್ಡಿ. ಇದು ನನ್ನ ಕೈಲಾಗುವ ಕೆಲಸವಲ್ಲ.'

ಅವನು ಅಲ್ಲೇ ಕೂತ. ಗೋಡೆಯ ಗಡಿಯಾರಗಳೆಲ್ಲ ತಮ್ಮ ತಮ್ಮ ಸುಳ್ಳು ಹೇಳುತ್ತ ಓಡುತ್ತಿದ್ದವು. ಗಿರಾಕಿಯೊಬ್ಬ ಬಾಗಿಲು ಬಡಿದು, "ಅಣ್ಣ, ಅಣ್ಣ" ಎಂದು ಕರೆದು ವಾಪಸು ಹೋದ. ಮಗಳ ಮುಖ ನೋಡಿ ಹೇಳುವ ಧೈರ್ಯ ಇವನಿಗೆ ಈ ಜನ್ಮದಲ್ಲಿ ಬರುವುದಿಲ್ಲ ಎಂದು ಆಗ ಖಚಿತವಾಯಿತು. ಕೆಂಪು ಪೆನ್ನು ತೆಗೆದುಕೊಂಡು, ಅವಳು ಬರೆದದ್ದನ್ನು ಹೊಡೆದುಹಾಕಿ, ಕೆಳಗೆ ಬರೆದ: 'ಕಾರಣ: ಟೈಂಪೀಸು ಏಳು ವಾರ ನಿಧಾನ ಓಡಿತು. ಮೂವತ್ತೈದಕ್ಕೆ ಮೂರು ನಿಮಿಷ. ಬೇಕೆಂದೇ ಮಾಡಿದ್ದು. ಮಾಡಿದವನು ಅಪ್ಪ.'

ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ವಕೀಲರ ಆಫೀಸಿಗೇ ನಡೆದ. ಮೆಟ್ಟಿಲ ಬುಡದಲ್ಲಿ ಅವಳನ್ನು ಕರೆಸಿ, ಆ ಪುಟ ತೆರೆದು ಕೈಗಿಟ್ಟ.

ಓದಿದಳು. ಮತ್ತೊಮ್ಮೆ ಓದಿದಳು.

"ಅಂದ್ರೆ, ನನ್ನ ಸ್ಕೋರು..."

"ಸುಳ್ಳು" ಎಂದ. "ಅಳ್ತಿದ್ದೆ ನೀನು. ನೋಡೋಕಾಗ್ಲಿಲ್ಲ ನನಗೆ."

"ಅಳ್ತಿದ್ರೆ ಅಳೋಕೆ ಬಿಡ್ಬೇಕಿತ್ತು!" ಅವಳ ಕೂಗಿಗೆ ಮೇಲೆ ಆಫೀಸಿನ ಮಾತುಕತೆ ನಿಂತಿತು. "ಬಿಡೋದು ಕಲೀತಿದ್ದೆ ಅಪ್ಪ. ಕಷ್ಟದ್ದನ್ನ ಬಿಟ್ಟು ಮುಂದೆ ಹೋಗೋದು. ಎಲ್ಲಾ ಮುಗೀತಿದೆ ಅಂತ ಅದನ್ನೇ ನಿಲ್ಲಿಸಿಬಿಟ್ಟೆ. ಏಳು ವಾರ! ಆ ಅರ್ಜಿ ಹಾಕ್ಲಾ ಅಂತ ನಿನ್ನನ್ನೇ ಕೇಳಿದೆನಲ್ಲ. ಆಗಲಾದ್ರೂ ಬಾಯಿ ಬಿಡೋಕೆ ಏನಾಗಿತ್ತು ನಿನಗೆ?"

"ತಪ್ಪಾಯ್ತು" ಎಂದ. ಎಷ್ಟು ಸಣ್ಣ ಮಾತು ಅದು, ಅವನಿಗೇ ನಾಚಿಕೆಯಾಯಿತು.

ಉಳಿದ ಹನ್ನೊಂದು ದಿನ ಅವಳು ಅಂಗಡಿಯ ಹಿಂದಿನ ಕೋಣೆಗೆ ಬರಲಿಲ್ಲ. ವಕೀಲರನ್ನು ಕೇಳಿ, ಆಫೀಸು ತೆರೆಯುವ ಮೊದಲೇ ಅಲ್ಲಿ ಕೂತು, ಗೋಡೆ ಗಡಿಯಾರ ನೋಡಿಕೊಂಡು ಅಭ್ಯಾಸ ಮಾಡಿದಳು. ಮನೆಯಲ್ಲಿ ಮಾತು ನಿಂತಿರಲಿಲ್ಲ. ಉಪ್ಪು ಕೊಡು, ಬಾಗಿಲು ಹಾಕು, ಇಷ್ಟೆಲ್ಲ ಇತ್ತು. ಹೆಂಡತಿಯಂತೂ ವಿಷಯ ತಿಳಿದ ದಿನ, "ಊರವರ ಗಡಿಯಾರಕ್ಕೆ ಒಂದು ಸೆಕೆಂಡು ಆಚೀಚೆ ಆದ್ರೆ ಊಟ ಬಿಡ್ತಿದ್ರಿ, ಮಗಳದ್ದಕ್ಕೆ ಹೀಗೆ ಮಾಡೋಕೆ ಮನಸ್ಸು ಹೇಗೆ ಬಂತ್ರೀ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಒಳಗೆ ಹೋದಳು.

ಪರೀಕ್ಷೆಯ ಕೋಣೆಗೆ ಫೋನು ಒಯ್ಯುವಂತಿಲ್ಲ, ಮುಳ್ಳಿನ ಕೈಗಡಿಯಾರ ಮಾತ್ರ ಒಯ್ಯಬಹುದು ಎಂದು ನಿಯಮ. ಆ ಬೆಳಿಗ್ಗೆ ಸೆಕೆಂಡಣ್ಣ ತನ್ನ ಕೈಯಿಂದ ಬಿಚ್ಚಿ, ಸ್ವಂತ ಗಡಿಯಾರವನ್ನೇ ಮಗಳ ಮುಂದೆ ಹಿಡಿದ. ಅವಳು ತೆಗೆದುಕೊಂಡಳು. ತೆಗೆದುಕೊಂಡು, ಅದನ್ನು ಫೋನಿನ ಪಕ್ಕದಲ್ಲಿಟ್ಟು, ಪೂರ್ತಿ ಒಂದು ನಿಮಿಷ ಎರಡನ್ನೂ ನೋಡಿದಳು. ಅವನು ಹೇಳಿದ ಹೊತ್ತನ್ನು ಈ ಊರಿನಲ್ಲಿ ಅಲ್ಲಿಯವರೆಗೆ ಯಾರೂ ಪರೀಕ್ಷಿಸಿ ನೋಡಿರಲಿಲ್ಲ.

"ನೋಡು, ನೋಡ್ಲೇಬೇಕು" ಎಂದ ಮೆಲ್ಲಗೆ. ಅವಳು ಕಟ್ಟಿಕೊಂಡಳು. ಪಟ್ಟಿ ಅವಳ ಕೈಗೆ ದೊಡ್ಡದಾಗಿತ್ತು, ಹಿಂದಿನ ದಿನವೇ ಅದಕ್ಕೆ ಹೊಸ ತೂತು ಹಾಕಿಟ್ಟಿದ್ದ.

ಪರೀಕ್ಷೆ ಮುಗಿಯುವವರೆಗೂ ಗೇಟಿನ ಹೊರಗೆ ನಿಂತಿದ್ದ. ಕೈ ಬರಿದಾಗಿತ್ತು, ಆದರೂ ಮಣಿಕಟ್ಟನ್ನು ಎಷ್ಟು ಸಲ ನೋಡಿಕೊಂಡನೋ. ಮಗಳು ಜನರ ನಡುವಿನಿಂದ ನಿಧಾನವಾಗಿ ಬಂದು, ಗಡಿಯಾರ ಬಿಚ್ಚಿ ಅವನ ಅಂಗೈಗಿಟ್ಟಳು.

"ಗಡಿಯಾರ ಸರಿಯಾಗಿತ್ತು ಅಪ್ಪ."

"ಮತ್ತೆ..."

"ಮೂರು ಭಾಗ ಚೆನ್ನಾಗಾಯ್ತು. ಕೊನೇದ್ರಲ್ಲಿ ಒಂದು ಪ್ರಶ್ನೆ ಕೈಗೆ ಸಿಗ್ತಾನೇ ಇರ್ಲಿಲ್ಲ. ಬಿಡ್ಬೇಕು ಅಂತ ಗೊತ್ತಿತ್ತು, ಬಿಡೋಕಾಗ್ಲಿಲ್ಲ. ನಾಲ್ಕು ಉಳೀತು."

ಕಲ್ಲುಬೆಂಚಿನ ಮೇಲೆ ಕೂತು ಚೀಲದಿಂದ ತಪ್ಪಿನ ಪುಸ್ತಕ ತೆಗೆದಳು. ಮರೆಯುವ ಮೊದಲು ಬರೆದಿಡುವುದು ಅವಳ ಅಭ್ಯಾಸ. ಅಪ್ಪ ಪಕ್ಕದಲ್ಲಿ ಕೂತ. 'ಕೊನೆಯ ಭಾಗ. ಉಳಿದದ್ದು ನಾಲ್ಕು' ಎಂದು ಬರೆದಳು. ಕೆಂಪು ಪೆನ್ನು ತೆಗೆದು 'ಕಾರಣ' ಎಂದು ಬರೆದಳು. ಪೆನ್ನಿನ ತುದಿ ಕಾಗದದ ಮೇಲೆ ಹಾಗೇ ನಿಂತಿತು. ಒಮ್ಮೆ ಅಪ್ಪನ ಮುಖ ನೋಡಿದಳು. ಆಮೇಲೆ ಮುಂದೇನೂ ಬರೆಯದೆ ಪುಸ್ತಕ ಮುಚ್ಚಿದಳು.

"ನಡಿ ಅಪ್ಪ, ಅಮ್ಮ ಕಾಯ್ತಿರ್ತಾಳೆ. ಟೈಮೆಷ್ಟು ಈಗ?"

ಅವನು ಅಂಗೈಯಲ್ಲಿದ್ದ ಗಡಿಯಾರ ನೋಡಿದ. ಕಣ್ಣು ತುಂಬಿ ಮುಳ್ಳು ಕಾಣಲಿಲ್ಲ.

"ನೀನೇ ನೋಡು ಪುಟ್ಟಿ" ಎಂದು ಅವಳ ಕಡೆಗೆ ಹಿಡಿದ.