ಎರಡು ತೂತಿನ ಟೊಪ್ಪಿಗೆ

ಶೇಂಗಾ ಎಣ್ಣೆಯ ವಾಸನೆ, ಟೊಪ್ಪಿಗೆಯಾದ ಡಬ್ಬಿಯ ತಗಡನ್ನು ಎಷ್ಟು ತಿಕ್ಕಿದರೂ ಹೋಗಿಲ್ಲ, ಹನುಮಪ್ಪನ ಮೂಗು ಅದರೊಳಗೇ ಬೆವರುತ್ತಿದೆ — ಹೊರಗೆ ರಾಣೆಬೆನ್ನೂರಿನ ಶಾಲೆಯ ಅಂಗಳ, ಭಾನುವಾರದ ಇಳಿಬಿಸಿಲು, ನಾಟಕದ ತಾಲೀಮು; ಒಳಗೆ ಅವನ ಉಸಿರು ಮಾತ್ರ, ಹೊಳೆಯಲ್ಲಿ ಮುಳುಗಿದಾಗ ಕೇಳುವಂಥ ಸದ್ದು. ರೋಮಿನ ಗ್ಲಾಡಿಯೇಟರ್, ಅಖಾಡದಾಗ ಕಾದಾಡು ಭಾರದ ಆಳು, ದೊಡ್ಡ ಢಾಲು, ಗಿಡ್ಡ ಕತ್ತಿ, ಎದುರಿನಾಂವ ಬೀಸಿದ ಬಲೆ ಬಿದ್ದರ ಜಾರಬೇಕಂತ ಟೊಪ್ಪಿಗಿ ನುಣ್ಣಗ, ತ್ರಿಶೂಲ ಹೊಗಬಾರದಂತ ಕಣ್ಣಿಗೆ ಎರಡ ಸಣ್ಣ ತೂತು, ಎಂದಿದ್ದರು ನಾಟಕ ಬರೆದ ಬಾಳಕೃಷ್ಣ ಮಾಸ್ತರರು, ಆ ಪಾತ್ರ ನನಗ ಕೊಡ್ರಿ ಎಂದು ಹನುಮಪ್ಪ ಆಗಲೇ ಕೇಳಿಕೊಂಡಿದ್ದ, ಎರಡು ತೂತಿನೊಳಗಿಂದ ಯಾರಿಗಾದರೂ ಇಷ್ಟೇ ಕಾಣುವುದು, ಅಲ್ಲಿ ಅವನೂ ಎಲ್ಲರಂತೆಯೇ. ತೂತಿನಾಚೆ ಎದುರಾಳಿಯ ಪಾತ್ರದ ಹೊಳಿಯಪ್ಪ, ಮೇಡ್ಲೇರಿಯಲ್ಲಿ ಮೀನು ಹಿಡಿಯುವವ, ತನ್ನದೇ ಬಲೆ ಹೆಗಲಿಗೇರಿಸಿ ಸುತ್ತುತ್ತಾನೆ, ಇದ್ದಾನೆ, ಎಡಕ್ಕೆ ಸರಿದರೆ ಇಲ್ಲವೇ ಇಲ್ಲ — ನಮ್ಮ ಹೊಳಿ ಮೀನಾದರ ಸಲ್ಪ ಓಡ್ಯಾಡತಾವೋ ಡ್ರೈವರಾ, ನೀ ನಿಂತಲ್ಲೇ ಸಿಗತೀಯಲ್ಲ, ಅವನ ನಗು ಮಾತ್ರ ಪಕ್ಕದಿಂದ ಬಂತು, ಕುಪ್ಪೇಲೂರಿನ ತಿರುವಿನಲ್ಲಿ ಹೋದ ವಾರ ಚಕ್ಕಡಿ ಬಂದಂತೆ, ಇಲ್ಲದ್ದು ಇದ್ದಕ್ಕಿದ್ದಂತೆ ಎತ್ತಿನ ಕೊಂಬಾಗಿ ಹನುಮಪ್ಪ ಓಡಿಸುತ್ತಿದ್ದ ಬಸ್ಸಿನ ಗಾಜಿನೆದುರು, ಬ್ರೇಕು, ಯಾರದೋ ಬುಟ್ಟಿಯ ಬದನೆಕಾಯಿ ಸೀಟುಗಳ ಕೆಳಗೆಲ್ಲ ಉರುಳಿ, ಯಾಕೋ ಯಪ್ಪಾ ನಿದ್ದಿ ಮಾಡಾಕತ್ತೀಯೇನು ಎಂದ ಮುದುಕಿಗೆ, ಹೌದಬೇ ನಿದ್ದಿ, ಎಂದಿದ್ದ, ಹೆಂಡತಿ ಮೈಲವ್ವನಿಗೂ ನಿದ್ದೆಯೆಂದೇ ಹೇಳಿದ್ದ, ಉಣ್ಣುವಾಗ ಎಡಕ್ಕಿಟ್ಟ ನೀರಿನ ಚರಿಗೆ ಅವನ ಮೊಣಕೈ ತಾಗಿ ಉರುಳಿದಾಗ ಮೈಲವ್ವ ಒರೆಸಿದಳು, ಮರುದಿನದಿಂದ ಚರಿಗೆ ತಾಟಿನ ನೇರಕ್ಕೇ ಇರುತ್ತದೆ. ಬಲೆ ಬಿತ್ತು, ಮತ್ತೆ ಎಡದಿಂದಲೇ, ಬಲೆಯಂಚಿನ ಸೀಸದ ಗುಂಡುಗಳು ತಗಡಿನ ಮೇಲೆ ಆಲಿಕಲ್ಲಿನಂತೆ, ತೂತು ಸಣ್ಣವಾದವು ಫಕ್ಕೀರಸಾಬ, ಇನ್ನೂ ಸಲ್ಪ ಕತ್ತರಿಸು, ಎಂದ ಒಳಗಿನಿಂದಲೇ. ಟೊಪ್ಪಿಗೆ ಮಾಡಿದ ಫಕ್ಕೀರಸಾಬ ಹತ್ತಿರ ಬಂದ, ಬಲೆ ಬಿಡಿಸುತ್ತ, ನಿನ್ನೆ ದಿನಾನ ಕೂಸಿನ ಕೈಬಳಿಯಷ್ಟು ಅಗಲ ಮಾಡೇನಿ ಹನುಮಪ್ಪಣ್ಣ, ನಾನ ಹಾಕ್ಕೊಂಡು ನೋಡೇನಿ, ಎರಡೂ ಬಾಜೂ ಚಲೋ ಕಾಣತೈತಿ — ಆಮೇಲೆ ದನಿ ತಗ್ಗಿಸಿ, ನಾಳಿ ಮುಂಜಾನಿ ಕುಪ್ಪೇಲೂರ ಬಸ್ಸು ನೀನ ಒಯ್ಯಾಂವೇನು? ಬುಟ್ಟಿಗಳು, ಮುದುಕಿ, ಕಿಟಕಿಗೆ ಒರಗಿದ ನಿದ್ದೆಯ ತಲೆಗಳು, ಎಲ್ಲ ಅವನ ಬೆನ್ನ ಹಿಂದೆ — ಇಲ್ಲ, ಎಂದಿತು ಬಾಯಿ, ಅವನನ್ನು ಕೇಳದೆಯೇ. ಟೊಪ್ಪಿಗೆ ತೆಗೆದ, ಮುಖಕ್ಕೆ ಗಾಳಿ ತಾಕಿತು, ಅಂಗಳ ಅಗಲವಾಗಲೆಂದು ಕಾದ, ಇನ್ನೂ ಸ್ವಲ್ಪ ಕಾದ, ಟೊಪ್ಪಿಗೆ ಕೈಯಲ್ಲೇ ಇದೆ, ಎದುರಿಗೆ ಫಕ್ಕೀರಸಾಬನ ಮುಖವಷ್ಟೇ, ಅದರ ಸುತ್ತಲೂ ಇನ್ನೂ ತೂತಿನಂಚಿನ ತಗಡು.