ಕಂಠಪೂರ್ತಿ

ಪೆಟ್ರೋಲ್ ಬಂಕಿನ ಪೈಪು ‘ಟಕ್’ ಎಂದು ತಾನಾಗಿಯೇ ನಿಂತಿತು. ಬಂಕಿನ ಹೆಂಗಸು ಅದನ್ನು ಹೊರಗೆಳೆಯಲು ಕೈಹಾಕುತ್ತಿದ್ದಂತೆ ಯಜಮಾನರು ಗದರಿದರು.

“ಏಯ್, ತೆಗೀಬೇಡ. ಇನ್ನೂ ಹಾಕು.”

“ಫುಲ್ ಆಯ್ತು ಸರ್. ತಾನಾಗೇ ಕಟ್ ಆಯ್ತಲ್ಲ.”

“ಕಟ್ ಆಗಿದ್ದು ನಿನ್ನ ಮೆಷಿನ್ನು, ನನ್ನ ಟ್ಯಾಂಕ್ ಅಲ್ಲ. ಹಾಕು ಅಂದ್ರೆ ಹಾಕು.”

ಅಷ್ಟಕ್ಕೇ ಬಿಡದೆ, ಒಳಗೇ ಮಲಗಿ ಪ್ರವಾಸ ಹೋಗಬಹುದಾದ ಹಳೆಯ ಕ್ಯಾಂಪರ್ ವ್ಯಾನಿನ ಹಿಂಬದಿಯ ಏಣಿಯನ್ನು ಹಿಡಿದು ಗಾಡಿಯನ್ನು ಅಲುಗಾಡಿಸತೊಡಗಿದರು. ಟ್ಯಾಂಕಿನೊಳಗಿನ ಗಾಳಿ ಗುಳುಗುಳು ಎಂದು ಹೊರಬಂದರೆ ಇನ್ನೊಂದಿಷ್ಟು ಹಿಡಿಯುತ್ತದೆಂಬುದು ಅವರ ಸಂಶೋಧನೆ. ಒಳಗೆ ಹಿಂದಿನ ಬೆಂಚಿನಲ್ಲಿ ಮೊಮ್ಮಗಳ ಪಕ್ಕ ಕುಳಿತಿದ್ದ ಅವರ ಹೆಂಡತಿ ಮೊರದೊಳಗಿನ ಕಾಳಿನಂತೆ ಓಲಾಡಿದಳು. ಉಕ್ಕಿದ ಪೆಟ್ರೋಲು, ಪ್ರತಿ ಸಲವೂ ಇಳಿದಿಳಿದು ಬಣ್ಣ ತಿಂದುಹಾಕಿದ್ದ ಜಾಡಿನಲ್ಲೇ ಕೆಳಗೆ ಸುರಿಯಿತು. ಯಜಮಾನರು ಕರವಸ್ತ್ರದಿಂದ ಕೈ ಒರೆಸಿಕೊಂಡು, ದಿಗ್ವಿಜಯ ಮುಗಿಸಿದವರಂತೆ ತೆರೆದ ಕಿಟಕಿಯ ಪಕ್ಕ ಸ್ಟಿಯರಿಂಗ್ ಮುಂದೆ ಬಂದು ಕುಳಿತರು.

ಎಂಥ ಗಂಡಸು, ಎಂದುಕೊಂಡಳು ಆಕೆ. ಜೀವಮಾನವೆಲ್ಲ ಗೋದಾಮಿನ ಮೇಲ್ವಿಚಾರಣೆ ಮಾಡಿ ಕಲಿತದ್ದು ಇಷ್ಟೇ: ಖಾಲಿ ಜಾಗ ಕಂಡರೆ ತುಂಬಬೇಕು. ಹಾಲಿನ ಪಾತ್ರೆಯಾಗಲಿ, ಸೂಟ್‌ಕೇಸಾಗಲಿ, ಇನ್ನೊಬ್ಬರ ಮಾತಿನ ನಡುವಿನ ಬಿಡುವಾಗಲಿ, ಅವರ ಕಣ್ಣಿಗೆ ಎಲ್ಲವೂ ಗೋದಾಮೇ.

ಈ ವ್ಯಾನಿನಲ್ಲಿ ಹೊರಟಾಗಲೆಲ್ಲ ಆಕೆಗೆ ತಲೆ ಸಿಡಿಯುತ್ತಿತ್ತು, ಹೊಟ್ಟೆ ತೊಳಸುತ್ತಿತ್ತು. “ಪೆಟ್ರೋಲ್ ವಾಸನೆ ಕಣ್ರೀ” ಎಂದರೆ, “ಪೆಟ್ರೋಲ್ ಗಾಡಿಯಲ್ಲಿ ಮಲ್ಲಿಗೆ ವಾಸನೆ ಬರತ್ತಾ?” ಎಂಬ ಉತ್ತರ ಸಿದ್ಧವಾಗಿರುತ್ತಿತ್ತು. ತಮಾಷೆಯೆಂದರೆ, ಹೋಗುವಾಗ ಇದ್ದ ತಲೆನೋವು ಬರುವಾಗ ಇರುತ್ತಿರಲಿಲ್ಲ. ಯಜಮಾನರಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? “ನೋಡ್ರಪ್ಪಾ, ಮನೆ ಕಡೆ ಮುಖ ಮಾಡಿದ ತಕ್ಷಣ ವಾಸಿ!” ಎಂದು ನೆಂಟರಿಷ್ಟರ ಎದುರೆಲ್ಲ ಡಂಗುರ ಸಾರಿದ್ದರು. ಕೇಳಿಕೇಳಿ ಮಗಳೂ ನಂಬಿದ್ದಳು. ಈ ದಿನ ಬೆಳಿಗ್ಗೆ ತನ್ನ ಮಗುವನ್ನು ವ್ಯಾನಿಗೆ ಹತ್ತಿಸುವಾಗಲೂ, “ಅಮ್ಮನ ನಾಟಕ ಶುರುವಾದ್ರೆ ಅರ್ಧದಾರಿಯಿಂದ ವಾಪಸ್ ಬಂದ್ಬಿಡ್ಬೇಡಿ ಅಪ್ಪಾ” ಎಂದು ನಕ್ಕಿದ್ದಳು. ಆ ನಗು ಆಕೆಯ ಎದೆಗೆ ಚುಚ್ಚಿತ್ತು. ಅದಕ್ಕಿಂತ ನೋವಿನ ಸಂಗತಿಯೆಂದರೆ, ಇತ್ತೀಚೆಗೆ ಆಕೆಗೇ ತನ್ನ ತಲೆನೋವಿನ ಮೇಲೆ ಅನುಮಾನ ಬಂದಿತ್ತು.

ಊರು ದಾಟಿ ಬಿಸಿಲೇರಿದ ಮೇಲೆ ಮಗು ಹಾಡು ನಿಲ್ಲಿಸಿತು. ಮುಖ ಬಿಳುಚಿಕೊಂಡಿತ್ತು.

“ಅಜ್ಜಿ, ತಲೆ ನೋಯ್ತಿದೆ. ಏನೋ ಕೆಟ್ಟ ವಾಸನೆ.”

ಎನ್ನುತ್ತಲೇ ಅಜ್ಜಿಯ ಮಡಿಲಿಗೆ ವಾಂತಿ ಮಾಡಿಕೊಂಡಿತು. ಮುಂದಿನ ಸೀಟಿನಿಂದ ಯಜಮಾನರ ನಗು ಕೇಳಿಸಿತು.

“ಸರಿಹೋಯ್ತು! ಅಜ್ಜಿ ವಿದ್ಯೆ ಮೊಮ್ಮಗಳಿಗೂ ಬಂತು.”

ಆಕೆಗೆ ಮೈಯೆಲ್ಲ ಉರಿದುಹೋಯಿತು. ತನ್ನನ್ನು ಅಂದದ್ದಾಯಿತು, ನುಂಗಿದ್ದೂ ಆಯಿತು. ಈಗ ಈ ಕೂಸಿನ ಹಣೆಗೂ ಅದೇ ಹಣೆಪಟ್ಟಿ!

“ಗಾಡಿ ನಿಲ್ಲಿಸ್ರಿ.”

“ಇನ್ನು ಸ್ವಲ್ಪ ಹೊತ್ತು ತಡ್ಕೋ...”

“ನಿಲ್ಲಿಸಿ ಅಂದೆ!”

ಇಂಥ ದನಿಯನ್ನು ಯಜಮಾನರು ಕೇಳಿಯೇ ಇರಲಿಲ್ಲ. ಗಾಡಿ ಒಂದು ಚಹಾದಂಗಡಿಯ ಪಕ್ಕ ನಿಂತಿತು. ಆಕೆ ಮಗುವನ್ನು ಇಳಿಸಿ, ಬಾಯಿ ತೊಳೆಸಿ, ನೆರಳಿನ ಬೆಂಚಿನಲ್ಲಿ ಕೂರಿಸಿದಳು. ಬಂದು, ವಾಸನೆಯ ಜಾಡು ಹಿಡಿದು ವ್ಯಾನಿನ ಹಿಂದಿನ ಬೆಂಚನ್ನು ಎತ್ತಿ, ಯಜಮಾನರು ಶೋಕಿಗೆಂದು ಅಂಟಿಸಿದ್ದ ಕಾರ್ಪೆಟ್ಟನ್ನು ಎರಡೂ ಕೈಯಿಂದ ಕಿತ್ತಳು. ಕೆಳಗಿನ ತಗಡಿನ ಮುಚ್ಚಳವನ್ನು ಸರಿಸಿದಾಗ ಟ್ಯಾಂಕಿನ ನೆತ್ತಿ ಕಾಣಿಸಿತು. ಅಲ್ಲಿನ ರಬ್ಬರ್ ಪೈಪು ಒಣಗಿ ಬಿರಿದಿತ್ತು. ಟ್ಯಾಂಕು ಅರ್ಧವಿದ್ದರೆ ಆ ಬಿರುಕಿನ ತನಕ ಪೆಟ್ರೋಲು ಬರುವ ಮಾತೇ ಇಲ್ಲ. ಪ್ರತಿ ಸಲ ಹೊರಡುವಾಗ ಇರುವಂತೆ ಈಗ ಕಂಠಪೂರ್ತಿ ಇತ್ತು. ಬಿಸಿಲಿಗೆ ಉಬ್ಬಿ, ಬಿರುಕಿನಿಂದ ಜಿನುಗಿ, ನೆತ್ತಿಯೆಲ್ಲ ಒದ್ದೆಯಾಗಿತ್ತು.

ಹೋಗುವಾಗ ಯಾಕೆ ನೋವು, ಬರುವಾಗ ಯಾಕಿಲ್ಲ ಎಂಬುದು ಆಕೆಗೆ ಆಗ ತಿಳಿಯಿತು.

“ಬನ್ನಿ, ನೋಡಿ ನನ್ನ ನಾಟಕಾನ.”

ಯಜಮಾನರು ಬಗ್ಗಿ ನೋಡಿದರು. ಒಪ್ಪಿದರೆ ಮಾನ ಹೋಗುವುದಿಲ್ಲವೇ? ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

“ಎರಡು ತೊಟ್ಟು ಜಿನುಗಿದೆ. ಇಷ್ಟಕ್ಕೆಲ್ಲ ಯಾರಿಗೂ ಏನೂ ಆಗಲ್ಲ.”

“ಆಗಲ್ವಾ? ಹಾಗಾದ್ರೆ ಬಾಗಿಲು ಕಿಟಕಿ ಹಾಕ್ಕೊಂಡು ಅಲ್ಲೇ ಕೂತಿರಿ. ನಾವು ಚಹಾ ಕುಡಿದು ಬರ್ತೀವಿ.”

“ಕೂರ್ತೀನಿ. ನನಗೇನು ಭಯವಾ?”

ಕೂತರು, ಪೌರುಷದ ಪ್ರಶ್ನೆ ನೋಡಿ. ಮಗುವಿಗೆ ಬಿಸ್ಕತ್ತು ಅದ್ದಿ ತಿನ್ನಿಸುತ್ತಿದ್ದ ಆಕೆ ವ್ಯಾನಿನ ಕಡೆ ತಿರುಗಿಯೂ ನೋಡಲಿಲ್ಲ. ಲೋಟ ಖಾಲಿಯಾಗುವ ಮೊದಲೇ ಬಾಗಿಲು ಧಡಾರನೆ ತೆರೆಯಿತು. ಯಜಮಾನರು ತೂರಾಡುತ್ತ ಇಳಿದು, ವಿದ್ಯುತ್ ಕಂಬವನ್ನು ತಬ್ಬಿಕೊಂಡು, ಬೆಳಗಿನ ತಿಂಡಿಯನ್ನೆಲ್ಲ ಹೊರಹಾಕಿದರು. ಆಕೆಗೆ ಅಯ್ಯೋ ಅನ್ನಿಸಲಿಲ್ಲ. ಆದರೂ ನೀರಿನ ಬಾಟಲಿ ಕೊಂಡೊಯ್ದು ಕೊಟ್ಟಳು.

ಬೆಂಚಿನ ತುದಿಯಲ್ಲಿ ಅವರು ತಲೆ ಹಿಡಿದುಕೊಂಡು ಕುಳಿತರು. ಆಮೇಲೆ ಮೆಲ್ಲಗೆ ಕೇಳಿದರು.

“ನಿಂಗೆ ಪ್ರತಿ ಸಲ ಹೀಗೇ ಆಗ್ತಿತ್ತಾ?”

“ಕೇಳಿದ್ದು ಇದೇ ಮೊದಲ ಸಲ ನೀವು.”

ಯಜಮಾನರು ಎದ್ದರು. ಗಾಡಿಯನ್ನು ಎಳೆದೊಯ್ಯಲು ಗ್ಯಾರೇಜಿನವನಿಗೆ ಫೋನಿನಲ್ಲಿ ಹೇಳಿದರು. ಬಸ್ಸು ಎಷ್ಟು ಹೊತ್ತಿಗೆ ಎಂದು ಚಹಾದಂಗಡಿಯವನನ್ನು ವಿಚಾರಿಸಿದರು. ಕೊನೆಗೆ, ಮಾಡಲೋ ಬೇಡವೋ ಎಂಬಂತೆ ಮಗಳಿಗೆ ಫೋನ್ ಮಾಡಿದರು.

“ಏನಪ್ಪಾ, ಇಷ್ಟು ಬೇಗ? ಅಮ್ಮನ ನಾಟಕ ಶುರುವಾಯ್ತಾ?” ಮಗಳ ನಗು ಆಕೆಗೂ ಕೇಳಿಸಿತು.

ಯಜಮಾನರು ತಡೆದರು. “ಹಾಗನ್ನಬೇಡಮ್ಮ. ಮಗೂಗೆ ವಾಂತಿ ಆಯ್ತು, ಈಗ ಪರವಾಗಿಲ್ಲ. ತಪ್ಪು ನಂದು. ನಿಮ್ಮಮ್ಮ ವರ್ಷಗಳಿಂದ ಹೇಳ್ತಾನೇ ಇದ್ದಳು. ನಾನು ಅವಳನ್ನೇ ಸುಳ್ಳುಗಾತಿ ಮಾಡಿದೆ. ನಿಮ್ಮೆಲ್ಲರ ಎದುರೂ...”

 ಆ ಕಡೆಯ ನಗು ನಿಂತಿತು.

ಆಕೆ ಕೈ ಚಾಚಿದಳು.

“ಫೋನ್ ಇಲ್ಲಿ ಕೊಡಿ. ಉಳಿದಿದ್ದು ನಾನೇ ಹೇಳ್ತೀನಿ.”