ಬಾಗಿಲಲ್ಲಿ ಕಂದೀಲು ಹಿಡಿದವಳು

ಕನ್ಯಾ ನೋಡಲು ಬಂದವರ ಮುಂದೆ ಬಾಯಿ ತೆರೆಯಬೇಡ ಎಂದು ಅವ್ವ ಬೆಳಗಿನಿಂದ ಹೇಳುತ್ತಲೇ ಇದ್ದಳು. ನನಗೆ ಅದನ್ನು ಹೇಳುವ ಅಗತ್ಯವೇ ಇರಲಿಲ್ಲ. ಏಳನೆಯ ತರಗತಿಗೆ ಶಾಲೆ ಬಿಟ್ಟು ಸೇಡಂನಿಂದ ಹೈದರಾಬಾದಿಗೆ ಬಂದಾಗಿನಿಂದ ನಾನು ಮನೆಯವರ ಹೊರತು ಯಾರೊಂದಿಗೂ ಹೆಚ್ಚು ಮಾತಾಡಿದವಳಲ್ಲ. ಗಂಗಾ ಎಂಬ ನನ್ನ ಹೆಸರು ಓಣಿಯಲ್ಲಿ ಯಾರಿಗೂ ನೆನಪಿರಲಿಲ್ಲ. ಗಾರೆ ಕೆಲಸದ ಗೌಂಡಿ ಅಂಬಣ್ಣನ ಮೂಕ ಮಗಳು ಎಂದರೆ ಎಲ್ಲರಿಗೂ ಗೊತ್ತಾಗುತ್ತಿತ್ತು.

ಆದರೆ ಈ ಸಂಬಂಧ ಕೂಡಿಬರಲಿ ಎಂದು ನನಗೇ ಆಸೆ ಇತ್ತು. ಹುಡುಗ ಗುರುಶಾಂತ ಕೋಠಿಯ ಅಂಗಡಿಯೊಂದರಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ. ಗಚ್ಚಿಬೌಲಿಯ ಹಿಂದಿನ ನಮ್ಮ ಓಣಿಯಲ್ಲಿ, ಮನೆಯ ಮುಂದಿನ ಖೋಲಿಯಲ್ಲೇ ಅಣ್ಣ ಮಲ್ಲು ಗೇಮ್ ಪಾರ್ಲರ್ ಇಟ್ಟಿದ್ದ. ಅಲ್ಲಿಗೂ ರಿಪೇರಿಗೆ ಬರುವವನು ಅವನೇ. ಚಹಾ ಒಯ್ದರೆ ಬೇರೆಯವರಂತೆ ತಲೆ ಎತ್ತದೆ 'ಅಲ್ಲಿಡು' ಎನ್ನುತ್ತಿರಲಿಲ್ಲ. ಕೈ ಒರೆಸಿಕೊಂಡು, ಕಪ್ಪನ್ನು ನನ್ನ ಕೈಯಿಂದಲೇ ತೆಗೆದುಕೊಂಡು, 'ಭಾಳ ಚಲೋ ಆತ್ರಿ' ಎನ್ನುತ್ತಿದ್ದ. ಅಷ್ಟೇ. ನನಗೆ ಅಷ್ಟು ಸಾಕಾಗಿತ್ತು.

ಆ ಭಾನುವಾರ ಅವನು ತನ್ನ ಅಕ್ಕ ಶಿವದೇವಿಯೊಂದಿಗೆ ಬಂದ. ಸುಸಲಾ, ಶಿರಾ, ಚಹಾ ಎಲ್ಲ ಆಯಿತು. ನಾನು ನೆಲ ನೋಡುತ್ತ ಕೂತಿದ್ದೆ. ಶಿವದೇವಿ, "ರೊಟ್ಟಿ ಬಡೀತಿಯೇನವ್ವಾ?" ಎಂದು ಕೇಳಿದಳು. ತಲೆಯಾಡಿಸಿದೆ. ಎಲ್ಲವೂ ಅವ್ವ ಅಂದುಕೊಂಡಂತೆಯೇ ನಡೆದಿತ್ತು.

ಆಗ ಮಲ್ಲು ಸುಮ್ಮನಿರಲಾರದೆ, "ಗುರು, ದರ್ವಾಜಾ ಪಿಚ್ಚರ್ ನೋಡಿದೇನು?" ಎಂದ.

ದರ್ವಾಜಾ ಎಂದರೆ ನಮ್ಮ ಪಾರ್ಲರಿನಲ್ಲಿ ಎಲ್ಲರೂ ಆಡುತ್ತಿದ್ದ ಆಟ. ಅದರ ಇಂಗ್ಲಿಷ್ ಹೆಸರು ಯಾರ ಬಾಯಲ್ಲೂ ಹೊರಳದೆ ಹುಡುಗರೇ ಇಟ್ಟ ಹೆಸರು ಅದು. ಕತ್ತಲ ಕೋಟೆಯೊಳಗೆ ಒಬ್ಬ ದಾರಿಹೋಕ ಬಾಗಿಲ ಮೇಲೆ ಬಾಗಿಲು ದಾಟುತ್ತ ಓಡಬೇಕು. ಹಿಂದೆ ಕರಿನಾಯಿಗಳು. ಒಂದಾದ ಮೇಲೊಂದು ಭಾಗ ಬಂದು ಈಗ ಅದನ್ನೇ ಸಿನಿಮಾ ಮಾಡಿದ್ದರು. ತೆಲುಗಿಗೆ ಡಬ್ ಆಗಿ ಬಂದದ್ದು ವಾರ ತುಂಬುವ ಮೊದಲೇ ಥಿಯೇಟರಿನಿಂದ ಎದ್ದುಹೋಗಿತ್ತು.

"ನೋಡಿದ್ನೋ ಮಾರಾಯಾ," ಗುರುಶಾಂತ ನಕ್ಕ. "ಅಲ್ಲ, ಆಟದಾಗ ಇಲ್ಲದ ಹೆಂಗಸು ಪಿಚ್ಚರದಾಗ ಎಲ್ಲಿಂದ ಬಂದ್ಲು? ಬಾಗಿಲಿಗೊಮ್ಮೆ ಕಂದೀಲು ಹಿಡ್ಕೊಂಡು ನಿಂತಿರ್ತಾಳ. ಮಾತಿಲ್ಲ, ಕತಿ ಇಲ್ಲ. ಕಡೀಕ ಹೀರೋ ಆಕಿ ಬಾಜೂ ಕೂತು ರೊಟ್ಟಿ ತಿಂತಾನ! ನಾಯಿ ಬೆನ್ನ ಹತ್ತಿದಾಗ ಯಾರರ ರೊಟ್ಟಿ ತಿಂತಾರೇನು?"

"ಹಾಲ್ ತುಂಬ ಸೀಟಿ ನೋಡು. ಮಂದಿ ಎದ್ದೇ ಹೊಂಟ್ರು."

"ತಗದವಗ ಆಟಾನ ಗೊತ್ತಿಲ್ಲ. ಬೇಕೂಫ್ ಪಿಚ್ಚರ್."

ಅಣ್ಣನ ಜೊತೆ ನಾನೂ ಆ ಸಿನಿಮಾಕ್ಕೆ ಹೋಗಿದ್ದೆ. ಜನ ಕೂಗುತ್ತ ಎದ್ದಾಗ ನಾನು ಕುರ್ಚಿಯ ಕೈ ಬಿಗಿಹಿಡಿದು ಕೂತಿದ್ದೆ. ಈಗ ಕೈಯಲ್ಲಿ ಹಿಡಿಯಲು ಏನೂ ಇರಲಿಲ್ಲ.

"ಆಕಿ ಆಟದಾಗ ಅದಾಳ್ರಿ," ಎಂದೆ.

ಅವ್ವನ ಕಣ್ಣು ನನ್ನ ಮೇಲಿರುವುದು ನೋಡದೆಯೂ ತಿಳಿಯಿತು. ಬಿಡಬೇಕಿತ್ತು. ಬಿಡಲಾಗಲಿಲ್ಲ.

"ಎಲ್ಲಾ ಬಾಗಿಲಿನ ಎಡಕ್ಕ ಕಂದೀಲು ಹಿಡ್ಕೊಂಡು ನಿಂತಿರ್ತಾಳ. ನೀವು ಓಡಿ ಹೋಗ್ತೀರಿ, ಕಾಣಂಗಿಲ್ಲ. ಆಟದಾಗ ಹೀರೋಗ ಮೂರು ಜೀವ, ಪಿಚ್ಚರದಾಗ ಒಂದ. ಅದಕ್ಕ ಅಲ್ಲಿ ಅಂಜತಾನ. ಅಷ್ಟು ಓಡಿದವಗ ಹಸಿವು ಆಗಂಗಿಲ್ಲೇನ್ರಿ? ಇಷ್ಟು ದಿನಾ ಬೆಳಕು ಹಿಡದಾಕಿ ಬಾಜೂ ಒಂದೀಟು ಕೂಡಬಾರದೇನು? ಚಲೋ ಪಿಚ್ಚರ್ರಿ ಅದು."

"ಅಯ್ಯಯ್ಯ, ಮೂಕಿ ಅಂದಿದ್ರಲ್ಲ!" ಶಿವದೇವಿ ಗಲ್ಲಕ್ಕೆ ಕೈ ಹಚ್ಚಿದಳು. ಆಮೇಲೆ ತಮ್ಮನ ಕಡೆ ಬಾಗಿ, ಎಲ್ಲರಿಗೂ ಕೇಳುವಂತೆಯೇ, "ಮನಿಗೆ ಬಂದವರನ್ನ ಸುಳ್ಳು ಮಾಡೋ ಹುಡುಗಿ ನಮಗ ಬ್ಯಾಡಪ್ಪಾ," ಎಂದಳು.

"ಪಿಚ್ಚರಿನ ಸಲುವಾಗಿ ಸಂಬಂಧ ಮುರದದ್ದು ನಮ್ಮ ವಂಶದಾಗ ಇದ ಮೊದಲು," ಎಂದು ಅಪ್ಪ ಬೀಡಿ ಹುಡುಕತೊಡಗಿದ.

ಗುರುಶಾಂತ ಕಪ್ಪು ಕೆಳಗಿಟ್ಟ. "ತಡಿಯಕ್ಕಾ. ಆಟ ಇಲ್ಲೇ ಐತಲ್ಲ, ನೋಡೇಬಿಡೂಣು."

ಎಲ್ಲರೂ ಮುಂದಿನ ಖೋಲಿಗೆ ಬಂದೆವು. ಅವನು ಕುರ್ಚಿಯಲ್ಲಿ ಕೂತ. ನಾನು ಪಕ್ಕದ ಸ್ಟೂಲಿನಲ್ಲಿ ಕೂತೆ. ವರ್ಷಗಟ್ಟಲೆ ಅಣ್ಣ ಆಡುವುದನ್ನು ಅದೇ ಸ್ಟೂಲಿನಿಂದ ನೋಡಿದ್ದೆ. ನಾನು ಆಡಿದವಳಲ್ಲ.

ಮೊದಲ ಬಾಗಿಲು ಬಂತು. "ನಿಲ್ರಿ," ಎಂದೆ.

"ನಿಂತ್ರ ನಾಯಿ ಹಿಡೀತಾವ್ರಿ."

ಆದರೂ ನಿಂತ. ನಾಯಿಗಳು ಮುತ್ತಿದವು, ಒಂದು ಜೀವ ಹೋಯಿತು. ಆ ಕ್ಷಣದಲ್ಲಿ ಎಡಕ್ಕೆ ಸೆರಗು, ಎತ್ತಿದ ಕೈ, ಕಂದೀಲು.

"ಅಕಾ, ನೋಡ್ರಿ!" ಎಂದೆ.

"ಹೌದಲ್ಲ!" ಗುರುಶಾಂತ ಮುಂದೆ ಬಾಗಿದ. "ಕಪ್ಪಗೈತಿ, ತಡೀರಿ." ರಿಪೇರಿ ಮಾಡುವವನ ಕೈ ತಾನಾಗಿ ಮಾನಿಟರಿನ ಕೆಳಗೆ ಹೋಗಿ ಬೆಳಕು ಹೆಚ್ಚಿಸಿತು. ಮತ್ತೆ ಓಡಿ ಬಂದು, ಅದೇ ಬಾಗಿಲಲ್ಲಿ, ಅವಳ ಹತ್ತಿರಕ್ಕೇ ಹೋಗಿ ನಿಂತ.

ಅಲ್ಲಿ ಹೆಂಗಸಿರಲಿಲ್ಲ. ಕಂಬವಿತ್ತು. ಸೆರಗು ಎಂದುಕೊಂಡದ್ದು ಕಂಬಕ್ಕೆ ಸುತ್ತಿಕೊಂಡ ಹರಕು ಬಾವುಟ. ಕೈ ಎಂದುಕೊಂಡದ್ದು ಕಂದೀಲು ತೂಗುಹಾಕಿದ ಕಬ್ಬಿಣದ ಕೊಕ್ಕೆ. ಅಷ್ಟರಲ್ಲಿ ನಾಯಿಗಳು ಮುತ್ತಿ ಎರಡನೆಯ ಜೀವವೂ ಹೋಯಿತು.

ಮಲ್ಲು ಹೊಟ್ಟೆ ಹಿಡಿದುಕೊಂಡು ನಕ್ಕ. "ಕಂಬಕ್ಕ ರೊಟ್ಟಿ ಉಣಸಾಕ ಹೊಂಟಿದ್ದೆಲ್ಲೇ, ಗಂಗಾ!"

ಎದ್ದು ಒಳಗೆ ಹೋಗಬೇಕೆನ್ನಿಸಿತು. ಹೋದರೆ ಮತ್ತೆಂದೂ ಇವನ ಮುಂದೆ ಮಾತಾಡುವುದಿಲ್ಲ ಎಂಬುದೂ ಗೊತ್ತಿತ್ತು.

"ನಂದ ತಪ್ಪು, ಕಂಬ ಐತಿ," ಎಂದೆ. "ಆದ್ರ ಪಿಚ್ಚರ್ ತಗದವನೂ ಹಿಂಗ ಎಲ್ಲೋ ಬಾಜೂ ಕೂತು ನೋಡಿರಬೇಕ್ರಿ. ಅವಗೂ ಹೆಂಗಸ ಕಂಡಿರಬೇಕು. ಅವ ಆಟ ಗೊತ್ತಿಲ್ಲದವ ಅಲ್ಲ. ದಿನಾ ನೋಡಿದವ."

ಶಿವದೇವಿ, "ತಪ್ಪಂತ ಒಪ್ಪಿಕೊಂಡ್ಲು, ಮಾತೂ ಬಿಡಲಿಲ್ಲ," ಎಂದು ಅವ್ವನ ಕಡೆ ತಿರುಗಿದಳು. "ನನ್ನ ತಮ್ಮ ತಪ್ಪಂತ ಒಪ್ಪಿದ್ದು ನಾ ಎಂದೂ ಕೇಳಿಲ್ರಿ. ಮನ್ಯಾಗ ಒಬ್ಬರಿಗರ ಅದು ಬರಬೇಕಲ್ಲ."

ಗುರುಶಾಂತ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಕುರ್ಚಿಯಿಂದ ಎದ್ದ. "ಈಗ ನೀವು ಆಡ್ರಿ. ನಾ ಸ್ಟೂಲಿನ ಮ್ಯಾಲೆ ಕೂಡ್ತೀನಿ."

"ನನಗ ಬರಂಗಿಲ್ರಿ."

"ಇನ್ನೊಂದು ಜೀವ ಉಳದೈತಿ. ಹೋದ್ರ ಹೋಗ್ಲಿ."

ಬೆಳಕನ್ನು ಮೊದಲಿನಷ್ಟೇ ಕಡಿಮೆ ಮಾಡಿ ಪಕ್ಕದಲ್ಲಿ ಕೂತ. ನಾನು ಕೀಬೋರ್ಡಿನ ಕೀಲಿಗಳ ಮೇಲೆ ಬೆರಳಿಟ್ಟೆ. ದಾರಿಹೋಕ ಗೋಡೆಗೆ ಹಾಯ್ದ, ತಿರುಗಿದ, ಓಡಿದ. ನಾಯಿಗಳ ಉಸಿರು ನನ್ನ ಬೆನ್ನಿಗೇ ತಾಗಿದಂತಾಯಿತು. ಕಲ್ಲು, ಹಳ್ಳ, ಮತ್ತೆ ಕಲ್ಲು. ಎದುರಿಗಿರುವುದರ ಹೊರತು ನನಗೆ ಏನೊಂದೂ ಕಾಣಲಿಲ್ಲ. ಹಳ್ಳಕ್ಕೆ ಬಿದ್ದು ಆಟ ಮುಗಿದ ಮೇಲೆಯೇ ಉಸಿರು ಬಿಟ್ಟೆ.

"ಬಾಗಿಲು ಬರಲೇ ಇಲ್ಲಲ್ರಿ?" ಎಂದೆ.

"ದಾಟಿ ಬಂದ್ರಿ," ಎಂದ ಗುರುಶಾಂತ. ಪರದೆಯ ಎಡ ಮೂಲೆಯಿಂದ ಅವನು ಕಣ್ಣು ತೆಗೆದಿರಲಿಲ್ಲ. "ಆಕಿ ಅಲ್ಲೇ ನಿಂತಿದ್ಲು."